ಮೇಳದಿಂದ ಟ್ರ್ಯಾಕಿಗೆ: ರಂಗಭೂಮಿ ಮತ್ತು ಅನಿಮೇಷನ್‌ನ ಶಬ್ದಲೋಕ

ಬೆಂಗಳೂರಿನ ಲಗ್ಗೆರೆಗೆ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ನಟ ಡಾ. ರಾಜಕುಮಾರ್ ಅವರ ಸಮಾಧಿಯಿದೆ. ಹುಡುಗನಾಗಿದ್ದಾಗಲೇ ತಂದೆಯ ಜೊತೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ ಅವರ ಮಾತು, ಹಾಡು ಎರಡೂ ಹದಗೊಂಡದ್ದು ನಾಟಕದ ರಂಗದ ಮೇಲೆ. ಇಂದು ಇದೇ ಬೆಂಗಳೂರು ಅನಿಮೇಷನ್ ಉದ್ಯಮದ ದೊಡ್ಡ ಕೇಂದ್ರ. ಅಲ್ಲಿಂದ ಇಲ್ಲಿಯವರೆಗೆ ಶಬ್ದ, ಸಂಗೀತಗಳ ಕಸುಬು ನಡೆದುಬಂದ ದಾರಿಯಲ್ಲಿ ಒಂದು ಪ್ರಶ್ನೆ ಉದ್ದಕ್ಕೂ ಎದುರಾಗುತ್ತದೆ: ನಟನ ಹಿಂದೆ ನಾದ ಹೋಗಬೇಕೆ, ನಾದದ ಹಿಂದೆ ನಟ ಹೋಗಬೇಕೆ?

ಯಕ್ಷಗಾನದಲ್ಲಿ ನಾದವೇ ಮುಂದು. ಪದ ಎತ್ತುವವರು, ತಾಳ ಹಿಡಿಯುವವರು, ಪ್ರಸಂಗ ನಡೆಸುವವರು ಭಾಗವತರೇ. ಚೆಂಡೆ ಏರಿದಾಗ ಯುದ್ಧವೆಂದು ಪ್ರೇಕ್ಷಕನಿಗೆ ಯಾರೂ ಹೇಳಬೇಕಿಲ್ಲ. ತೊಗಲು ಗೊಂಬೆಯಾಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪರದೆಯ ಹಿಂದಿನ ದೀಪದ ಬೆಳಕಿನಲ್ಲಿ ಚಲಿಸುವ ಚಿತ್ರಕ್ಕೆ ಸ್ವಂತ ದನಿಯಿಲ್ಲ. ಗೊಂಬೆಯಾಡಿಸುವವರ ಕಂಠವೇ ಅದರ ಜೀವ. ಈ ಕಲೆಯನ್ನು ಬದುಕಿಡೀ ನಡೆಸಿದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ನಮ್ಮ ನೆಲದ ಅನಿಮೇಷನ್ ಪರಂಪರೆ ಇಲ್ಲಿಂದಲೇ ಶುರುವಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲಕ್ಕೆ ನಟನೇ ಗಾಯಕ. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮೇಷ್ಟ್ರ ಕಣ್ಣು ಸದಾ ನಟನ ಮೇಲೆ. ಆತ ಆಲಾಪ ಬೆಳೆಸಿದರೆ ಜೊತೆಗಿರಬೇಕು, ಮಾತು ಮರೆತರೆ ಒಂದು ಸ್ವರ ಎಳೆದು ಕಾಪಾಡಬೇಕು, ‘ಒನ್ಸ್ ಮೋರ್’ ಬಂದರೆ ಮತ್ತೆ ಮೊದಲಿನಿಂದ ಎತ್ತಬೇಕು. ಈ ಎಚ್ಚರವೇ ಅವರ ವಿದ್ಯೆ.

ಬಾಲಕನಾಗಿ ಇದೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ಈ ವಿದ್ಯೆಯನ್ನು ಹೊಸದಾಗಿ ಕಟ್ಟಿದರು. ಬನಾರಸ್‌ನಲ್ಲಿ ಹಿಂದೂಸ್ತಾನಿ ಸಂಗೀತ ಕಲಿತು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದ ಅವರು 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ನಾಟಕಗಳನ್ನು ಆಡಿಸಿದಾಗ ಕನ್ನಡ ರಂಗಭೂಮಿಯ ಕಿವಿಯೇ ಬದಲಾಯಿತು. ಹಾಡು ಕಥೆಯ ನಡುವಿನ ಅಲಂಕಾರವಾಗಿ ಉಳಿಯಲಿಲ್ಲ. ಹಾಡುವವರ, ನುಡಿಸುವವರ ಮೇಳ ರಂಗದ ಮೇಲೇ ನಿಂತಿತು. ಉಸಿರು, ಕೂಗು, ಹೆಜ್ಜೆ, ಮೌನ ಎಲ್ಲವೂ ಸಂಗೀತದ ಲೆಕ್ಕಕ್ಕೆ ಬಂದವು. ನಟನ ಮೈಯೇ ವಾದ್ಯವಾದಾಗ ಯಾರು ಯಾರ ಹಿಂದೆ ಎಂಬ ಪ್ರಶ್ನೆ ಕರಗಿತು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾಗಿ ಇದೇ ಪಾಠವನ್ನು ಮುಂದಿನ ಪೀಳಿಗೆಗೆ ದಾಟಿಸಿದರು.

ಆಮೇಲೆ ಬಂದದ್ದು ಕ್ಯಾಸೆಟ್, ಸಿಡಿ, ಈಗ ಲ್ಯಾಪ್‌ಟಾಪ್. ಮಳೆ, ರೈಲು, ಗುಂಪಿನ ಗದ್ದಲ ಒಂದು ಗುಂಡಿ ಒತ್ತಿದರೆ ಸಿಗುತ್ತವೆ. ಸಣ್ಣ ತಂಡಗಳಿಗೆ ಇದು ದೊಡ್ಡ ಅನುಕೂಲ; ಮೇಳವನ್ನು ಊರೂರಿಗೆ ಕರೆದೊಯ್ಯುವ ಖರ್ಚು ಉಳಿಯಿತು. ಆದರೆ ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ನಟನಿಗಾಗಿ ಕಾಯುವುದಿಲ್ಲ. ಪ್ರೇಕ್ಷಕರ ನಗು ಹೆಚ್ಚು ಹೊತ್ತು ನಿಂತ ದಿನವೂ ಅದರ ಅಳತೆ ಅಷ್ಟೇ.

ಅನಿಮೇಷನ್‌ನಲ್ಲಿ ಈ ಅಳತೆಯೇ ಶಿಸ್ತು. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಡಿಸ್ನಿ ಸಂಸ್ಥೆ ಚಿತ್ರದ ಚಲನೆಯನ್ನು ಸಂಗೀತದ ಲಯಕ್ಕೆ ಬಿಗಿದು ತೋರಿಸಿತು. ಸೆಕೆಂಡಿಗೆ 24 ಫ್ರೇಮ್. ನಿಮಿಷಕ್ಕೆ 120 ಪೆಟ್ಟಿನ ಲಯವಾದರೆ ಪ್ರತಿ ಪೆಟ್ಟಿಗೆ 12 ಫ್ರೇಮ್. ಬರೆದ ಚಿತ್ರಕ್ಕೆ ತನ್ನದೇ ಆದ ಸದ್ದಿಲ್ಲದ ಕಾರಣ ಬಟ್ಟೆಯ ಸರಪರ ಸದ್ದನ್ನೂ ಯಾರೋ ಮಾಡಿ ಕೂರಿಸಬೇಕು. ಸಾಮಾನ್ಯವಾಗಿ ಮಾತನ್ನು ಮೊದಲು ಮುದ್ರಿಸಿ, ಅದಕ್ಕೆ ತಕ್ಕಂತೆ ತುಟಿಯ ಚಲನೆ ರೂಪಿಸುತ್ತಾರೆ. ಅಂದರೆ ಇಲ್ಲಿ ನಾದವೇ ಮತ್ತೆ ಮುಂದು, ಭಾಗವತರ ಹಾಗೆ.

ಈ ಉದ್ಯಮಕ್ಕೆ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ರೂಪಿಸಿತು. ನಮ್ಮ ಗೋವಿನ ಹಾಡಿನ ಕಥೆ ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರವಾಗಿ 2020ರಲ್ಲಿ ಬಂತು. ಸಂಗೀತ ಇಳಯರಾಜ ಅವರದು, ಭಾಷೆ ಸಂಸ್ಕೃತ. 2025ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡಿಗರಿಗೆ ತಲುಪಿದ್ದು ಡಬ್ಬಿಂಗ್ ದನಿಯಲ್ಲಿ. ತಂತ್ರಜ್ಞರು ನಮ್ಮಲ್ಲಿದ್ದಾರೆ, ಕಥೆಗಳಿವೆ. ಆದರೆ ಕನ್ನಡದ ಉಸಿರಿಗೆ, ಮಾತಿನ ಏರಿಳಿತಕ್ಕೆ ತಕ್ಕಂತೆ ಚಿತ್ರವೇ ಹುಟ್ಟುವುದು ಅಪರೂಪ.

ಆ ಕೊರತೆ ತುಂಬಬಲ್ಲವರು ನಮ್ಮ ರಂಗಸಂಗೀತಗಾರರು. ನಾಟಕದ ತಂಡಗಳು ಅವರನ್ನು ಪ್ರದರ್ಶನದ ಹಿಂದಿನ ವಾರ ಕರೆಯದೆ, ತಾಲೀಮಿನ ಮೊದಲ ದಿನವೇ ಕೂರಿಸಿಕೊಳ್ಳಲಿ. ಅನಿಮೇಷನ್ ಕಲಿಸುವ ಸಂಸ್ಥೆಗಳು ಯಕ್ಷಗಾನದ ಭಾಗವತರನ್ನು, ಗೊಂಬೆಯಾಟದ ಹಿರಿಯರನ್ನು, ಹಾರ್ಮೋನಿಯಂ ಮೇಷ್ಟ್ರುಗಳನ್ನು ಪಾಠಕ್ಕೆ ಕರೆಸಲಿ. ಯಂತ್ರವನ್ನು ಯಾವಾಗ ಬೇಕಾದರೂ ಕೊಳ್ಳಬಹುದು; ಈ ಹಿರಿಯರಿಂದ ಕಲಿಯಲು ಉಳಿದಿರುವ ಕಾಲ ಕಡಿಮೆ.