ಚಳಿಗಾಲದ ಜಾತ್ರಿ, ರಾತ್ರಿಯಿಡೀ ಸವಾಲ್-ಜವಾಬು

ವಾಚನಾಲಯದ ಹುಡುಗರು ಹೊಲಕ್ಕೇ ಬಂದು, "ಕಾಕಾ, ಈ ಸಲದ ಪುಸ್ತಕಕ್ಕ ಹರದೇಶಿ–ನಾಗೇಶಿ ಹಾಡಕಿ ಇತಿಹಾಸ ನೀವೇ ಬರದು ಕೊಡ್ರಿ" ಎಂದರು. ನಾನು ತೊಗರಿ ಕೊಯ್ಯುತ್ತಿದ್ದೆ. ನಗು ಬಂತು. ನಾನು ಕಲಿತದ್ದು ಏಳನೇ ಇಯತ್ತೆ, ಅದೂ ಇದೇ ಊರ ಕನ್ನಡ ಸಾಲಿಯಲ್ಲಿ. ಇತಿಹಾಸ ಬರೆಯುವವರು ಕಾಗದ-ಪತ್ರ ನೋಡಿ ಬರೆಯುತ್ತಾರೆ. ನನ್ನ ಹತ್ತಿರ ಇರುವುದು ಗುರುಗಳು ಹೇಳಿದ್ದು, ಅಷ್ಟಿಷ್ಟು ಓದಿದ್ದು, ಮತ್ತೆ ನಲವತ್ತು ವರ್ಷ ದಪ್ಪು ಹಿಡಿದು ಕಂಡದ್ದು. ಇಷ್ಟರಾಗ ಎಷ್ಟು ಇತಿಹಾಸ ಆಗತದೋ ಅಷ್ಟು ಬರೆದಿದ್ದೇನೆ. ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ಈಗಿನ ಹುಡುಗರ ಸಲುವಾಗಿ ಮೊದಲು ಸ್ವಲ್ಪ ಬಿಡಿಸಿ ಹೇಳಬೇಕು. ತುರಾ, ಕಲ್ಗಿ ಎರಡೂ ರುಮಾಲಿನ ಮೇಲೆ ಸಿಗಿಸುವ ಆಭರಣ. ಒಂದು ಕುಚ್ಚಿನಂಥದು, ಇನ್ನೊಂದು ಗರಿಯಂಥದು. ಹಾಡಿನ ಮೇಳಗಳಿಗೆ ಇವೇ ನಿಶಾನಿ. ದಂಡಿಗೆ ಧ್ವಜ ಇದ್ದ ಹಾಗೆ. ತುರಾದವರು ಹರದೇಶಿ, ಕಲ್ಗಿಯವರು ನಾಗೇಶಿ. ಶಿವ ದೊಡ್ಡವ, ಗಂಡು ಹೆಚ್ಚು ಅಂತ ಹರದೇಶಿಯವರು ಹಾಡಬೇಕು. ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅಂತ ನಾಗೇಶಿಯವರು ಹಾಡಬೇಕು. ತನ್ನ ತನ್ನ ನಿಶಾನಿಯನ್ನು ದಪ್ಪಿಗೆ ಕಟ್ಟಿಕೊಂಡು ಮೇಳ ಬರುತ್ತಿತ್ತು. ಹಿಂದಿನ ಕಾಲಕ್ಕೆ ಸೋತವ ಅದನ್ನು ಎಲ್ಲರೆದುರು ಬಿಚ್ಚಿ ಗೆದ್ದವನ ಕೈಗೆ ಕೊಡಬೇಕಿತ್ತು ಅಂತ ನಮ್ಮ ಗುರುಗಳು ಹೇಳುತ್ತಿದ್ದರು. ಹೀಗಾಗಿ ಹಾಡುವವನಿಗೆ ದಪ್ಪು ಬಾರಿಸುವುದು ಒಂದು ಕೆಲಸ, ಅದರ ಮೇಲಿನ ತುರಾ ಕಾಯುವುದು ಇನ್ನೊಂದು ಕೆಲಸ.

ಈ ನಿಶಾನಿ ಎಲ್ಲಿಂದ ಬಂದವು ಅನ್ನುವುದಕ್ಕೆ ಒಂದು ಕಥೆ ಉಂಟು. ಚಂದೇರಿಯ ಅರಸನ ಮುಂದೆ ತುಕನಗೀರ ಅನ್ನುವ ಗೋಸಾವಿ, ಶಾಹ ಅಲಿ ಅನ್ನುವ ಫಕೀರ ಇಬ್ಬರೂ ಹಾಡಿದರಂತೆ. ಯಾರು ಹೆಚ್ಚು ಅಂತ ಹೇಳಲಿಕ್ಕೆ ಅರಸನಿಗೆ ಆಗಲಿಲ್ಲ. ತನ್ನ ತಲೆಯ ಮೇಲಿನ ತುರಾ ಗೋಸಾವಿಗೆ, ಕಲ್ಗಿ ಫಕೀರನಿಗೆ ಕೊಟ್ಟನಂತೆ. ರಾಜಸ್ಥಾನ, ಮಾಳವಾ ಕಡೆಗೂ ಇದೇ ಕಥೆ ಹೇಳುತ್ತಾರೆ, ಅಲ್ಲಿಯೂ ಈ ಎರಡು ಪಂಗಡ ಇವೆ. ಕಥೆ ಖರೆ ಇರಲಿ ಸುಳ್ಳಿರಲಿ, ಅದರೊಳಗಿನ ಒಂದು ಮಾತು ನನಗೆ ಸೇರತದ. ಮೊದಲನೇ ಜಗಳದಾಗೇ ತೀರ್ಪು ಸಿಗಲಿಲ್ಲ. ಅದಕ್ಕೇ ಇಷ್ಟು ವರ್ಷ ನಡೀತು.

ಪೇಶವೆಯರ ಕಾಲದಲ್ಲಿ ಮರಾಠಿ ಲಾವಣಿ ಬಹಳ ಬೆಳೆಯಿತು. ಆಗ ನಮ್ಮ ಸೊಲ್ಲಾಪುರದಲ್ಲೇ ರಾಮ ಜೋಶಿ ಅನ್ನುವ ಶಾಹೀರ ಇದ್ದ. ಪುರಾಣ ಹೇಳುವ ಬ್ರಾಹ್ಮಣರ ಮನೆಯ ಹುಡುಗ ತಮಾಶಾದವರ ಸಂಗಡ ಸೇರಿದ. ಮನೆಯವರು ಹೊರಗೆ ಹಾಕಿದರು. ಪಂಢರಪುರಕ್ಕೆ ಹೋಗಿ ಶಾಸ್ತ್ರ ಕಲಿತು ಬಂದ, ಮತ್ತೆ ಲಾವಣಿಯನ್ನೂ ಕಟ್ಟಿದ. ಅವನ ಮೇಲೆ 1947ರಲ್ಲಿ ಮರಾಠಿ ಸಿನೆಮಾನೂ ಬಂತು. ಮರಾಠಿಯವರು ಅವನನ್ನು ತಮ್ಮವ ಅನ್ನುತ್ತಾರೆ, ಅದು ಖರೆ. ಆದರೆ ಅವನು ಕನ್ನಡದಾಗೂ ಲಾವಣಿ ಕಟ್ಟಿದ್ದ ಅನ್ನುವುದನ್ನು ನಾವೂ ಮರೀಬಾರದು. ಸೊಲ್ಲಾಪುರದ ಪ್ಯಾಟಿಯಲ್ಲಿ ನಿಂತು ಹಾಡುವವನಿಗೆ ಕನ್ನಡ ಬಿಟ್ಟು ನಡೆಯುವಂತಿರಲಿಲ್ಲ, ಕೇಳುವವರು ಅಂಥವರು.

ಭೀಮಾ ದಾಟಿದರೆ ಹಲಸಂಗಿ. ಅಲ್ಲಿಯ ಖಾಜಾಭಾಯಿ ಅನ್ನುವ ಲಾವಣಿಕಾರನ ಹೆಸರು ನಮ್ಮ ಮೇಳಗಳಲ್ಲಿ ಗುರುವಿನ ಹೆಸರಿನಂತೆ ಹೇಳುತ್ತಾರೆ. ಮುಸಲ್ಮಾನ ಮನುಷ್ಯ, ಶಿವ-ಶಕ್ತಿ ಪದ ಕಟ್ಟುವವ. ಅದೇ ಊರಿನ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುವ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದರು. ಆಮೇಲೆ ಲಾವಣಿಗಳನ್ನು ಕೂಡಿಸಿ 'ಜೀವನ ಸಂಗೀತ' ತಂದರು. ಅವರು ಬರೆದುಕೊಳ್ಳದಿದ್ದರೆ ಅಷ್ಟೂ ಪದ ಹಾಡಿದವರ ಸಂಗಡ ಮಣ್ಣಿಗೆ ಹೋಗುತ್ತಿದ್ದವು. ನಮ್ಮ ಕಡೆ ಅಂಥ ಗೆಳೆಯರು ಇರಲಿಲ್ಲ. ಈ ಮಾತು ಬರೆಯುವಾಗ ಹೊಟ್ಟಿ ಉರೀತದ.

ಅದೇ ಕಾಲಕ್ಕೆ ಸ್ವಾತಂತ್ರ್ಯದ ಗದ್ದಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಹಿಡಿದ ಮೇಲೆ ಸೊಲ್ಲಾಪುರ ಎದ್ದು ನಿಂತಿತು. ಸರಕಾರ ಊರಿಗೆ ಮಾರ್ಶಲ್ ಲಾ ಹಾಕಿತು. 1931ರ ಜನವರಿ 12ಕ್ಕೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ನಾಲ್ವರನ್ನೂ ಗಲ್ಲಿಗೆ ಹಾಕಿದರು. ಅದು ನಮ್ಮ ಸಿದ್ಧರಾಮನ ಗಡ್ಡಾ ಜಾತ್ರಿಯ ದಿನಮಾನ. ಗುರುಗಳ ಗುರು ಆ ಸುದ್ದಿಯನ್ನು ಪದ ಮಾಡಿ ಹಾಡಿದ್ದರಂತೆ. ಎದುರಿನ ನಾಗೇಶಿ ಮೇಳದವ ಅವತ್ತು ಜವಾಬು ಕೊಡಲಿಲ್ಲ, ದಪ್ಪು ಕೆಳಗಿಟ್ಟು ಅದೇ ಪದಕ್ಕೆ ಸೂರು ಹಿಡಿದು ನಿಂತನಂತೆ. ಎದುರಾಳಿ ಹಿಮ್ಮೇಳ ಆದದ್ದು ನಮ್ಮ ಮೇಳದ ನೆನಪಿನಾಗ ಅದೊಂದೇ ಸಲ. ಗುರುಗಳು ಇದನ್ನು ಹೇಳುವಾಗ ಪ್ರತಿ ಸಲ ಎದ್ದು ನಿಂತು ಹೇಳುತ್ತಿದ್ದರು.

1956ರಲ್ಲಿ ಭಾಷೆಯ ಮೇಲೆ ರಾಜ್ಯ ಮಾಡಿದಾಗ ವಿಜಾಪುರ ಆಕಡೆ ಹೋಯಿತು, ಅಕ್ಕಲಕೋಟದವರು ನಾವು ಈಕಡೆ ಉಳಿದೆವು. ಮೇಳಗಳು ಮಾತ್ರ ಮೊದಲಿನ ಹಾಗೇ ಹೊಳಿ ದಾಟಿ ಬರುತ್ತಿದ್ದವು. ಜಾತ್ರಿಯ ಪಂಚರು ವೀಳ್ಯ ಕಳಿಸಿದರೆ ಸಾಕು.

ಹಾಡಕಿಯ ಕಾಲ ಅಂದರೆ ಚಳಿಗಾಲ. ಎಳ್ಳ ಅಮವಾಸಿ ಮುಗಿದು, ಬಿಳಿ ಜ್ವಾಳ ಹೊಡಿ ತುಂಬುವ ಹೊತ್ತು. ರಾತ್ರಿ ಊಟ ಮಾಡಿ ಜನ ಕಂಬಳಿ ಹೊದ್ದು ಗುಡಿಯ ಮುಂದೆ ಬಂದು ಕೂಡುತ್ತಿದ್ದರು. ನಡುವೆ ಗ್ಯಾಸಬತ್ತಿ. ಒಂದೊಂದು ಮೇಳದಾಗ ಮುಂದೆ ದಪ್ಪಿನವ, ಹಿಂದೆ ತುಂತುಣಿ, ತಾಳ, ಗೀ ಗೀ ಅಂತ ಸೂರು ಹಿಡಿಯುವ ಇಬ್ಬರು. ಮೊದಲು ದೇವರಿಗೆ, ಗುರುವಿಗೆ ನಮನ. ಆಮೇಲೆ ಒಬ್ಬ ಸವಾಲು ಹಾಕುವುದು. ಬೀಜ ಮೊದಲೋ ಭೂಮಿ ಮೊದಲೋ, ಶಿವನಿಗೆ ಹೆಸರಿಟ್ಟವರು ಯಾರು, ಇಂಥವು. ಇನ್ನೊಬ್ಬ ಅದಕ್ಕೆ ಅದೇ ಚಾಲದಾಗ ಜವಾಬು ಕೊಟ್ಟು ಮರುಸವಾಲು ಹಾಕಬೇಕು. ಚಾಲ ತಪ್ಪಿದರೆ ಜನ ನಗುತ್ತಾರೆ. ಪುರಾಣ ತಪ್ಪಿದರೆ ಕುಳಿತ ಮುದುಕರೊಳಗೆ ಒಬ್ಬ ಎದ್ದು, "ತಮ್ಮಾ, ಆ ಮಾತು ಯಾವ ಪರ್ವದಾಗ ಅದ?" ಅನ್ನುತ್ತಾನೆ. ಅಂಕಿ ಹಾಕುವ ಪರೀಕ್ಷಕರು ಯಾರೂ ಇರಲಿಲ್ಲ. ಆ ಮುದುಕನೇ ಪರೀಕ್ಷಕ. ಮೆಚ್ಚಿದವರು ಆಯೇರು ಮಾಡುತ್ತಿದ್ದರು, ಒಂದು ರೂಪಾಯಿ, ಎರಡು ರೂಪಾಯಿ. ಕೊಟ್ಟವರ ಹೆಸರು ಹಾಡಿನಾಗೇ ಸೇರಿಸಿ ಹೇಳಬೇಕು. ನಸುಕಿಗೆ ಎರಡೂ ಮೇಳ ಕೂಡಿ, ಗಂಡು ಹೆಣ್ಣು ಎರಡಲ್ಲ ಒಂದೇ ಅಂತ ಮಂಗಳ ಹಾಡಿ ಮುಗಿಸುತ್ತಿದ್ದರು.

ನಾನು ಮೊದಲು ಮನಸ್ಸಿಟ್ಟು ಕೇಳಿದ್ದು 1972ರ ಬರಗಾಲದ ಚಳಿಗಾಲದಲ್ಲಿ. ಹೊಲದಾಗ ಏನೂ ಇರಲಿಲ್ಲ. ಊರ ಮಂದಿಯೆಲ್ಲ ಬರಗಾಲದ ಕಾಮಿಗೆ ಹೋಗಿ ರಸ್ತೆಯ ಖಡಿ ಒಡೆಯುತ್ತಿದ್ದರು. ತಿನ್ನಲಿಕ್ಕೆ ಸರಕಾರದ ಸುಕಡಿ, ಕೆಂಪನ್ನ ಮಿಲೋ ಜ್ವಾಳ. ನಮ್ಮವ್ವನೂ ಖಡಿ ಒಡೆಯುತ್ತಿದ್ದಳು, ಸಾಲಿ ಬಿಟ್ಟ ಮೇಲೆ ನಾನೂ. ಆ ವರ್ಷ ಜಾತ್ರಿ ಬ್ಯಾಡ ಅಂದರು ಪಂಚರು. ಆದರೂ ಎರಡು ಮೇಳ ವೀಳ್ಯ ಇಲ್ಲದೆ, ಸಂಭಾವನೆ ಇಲ್ಲದೆ ಬಂದವು. ಒಂದು ಹೊತ್ತಿನ ರೊಟ್ಟಿ ಕೊಟ್ಟರೆ ಸಾಕು ಅಂದವು. ಅವತ್ತು ಹಾಡಿದ್ದು ಏನು ಅಂತ ನನಗೆ ನೆನಪಿಲ್ಲ. ನೆನಪಿರುವುದು ನಮ್ಮಪ್ಪನ ನಗು. ಎರಡು ತಿಂಗಳ ಮೇಲೆ ಆ ಮನುಷ್ಯ ನಕ್ಕಿದ್ದ. ಮರುವರ್ಷ ಏಳನೇ ಇಯತ್ತೆ ಮುಗಿದ ಕೂಡಲೆ ಸಾಲಿ ಬಿಡಿಸಿದರು. ನಾನು ಹರದೇಶಿ ಗುರುಗಳ ಹಿಂದೆ ತುಂತುಣಿ ಹಿಡಿದು ಹೊರಟೆ.

ಆಗ ಎರಡೂ ಕಡೆ ಬಹುತೇಕ ಗಂಡಸರೇ ಹಾಡುತ್ತಿದ್ದರು. ನಾಗೇಶಿಯವನೂ ಮೀಸೆಯವನೇ. ಹೆಣ್ಣು ಹೆಚ್ಚು ಅಂತ ಮೀಸೆ ತಿರುವಿ ಹಾಡುತ್ತಿದ್ದ. ಆಮೇಲೆ ಆಮೇಲೆ ನಾಗೇಶಿ ಕಡೆಗೆ ಹೆಣ್ಣುಮಕ್ಕಳ ಮೇಳ ಬರಲಿಕ್ಕೆ ಹತ್ತಿದವು. ಊರ ದೊಡ್ಡವರು ಮೂಗು ಮುರಿದರು, ಹೆಣ್ಣು ರಾತ್ರಿ ಹೊತ್ತು ದಪ್ಪು ಹಿಡಿದು ನಿಲ್ಲುವುದೇನು ಅಂತ. ಅಂದವರೇ ಮುಂದಿನ ಸಾಲಿನಾಗ ಕೂತಿರುತ್ತಿದ್ದರು, ಅದು ಬ್ಯಾರೆ ಮಾತು. ನನ್ನ ತಿಳುವಳಿಕೆಗೆ ಈ ಹಾಡಕಿಯ ಇತಿಹಾಸದಾಗ ಇದಕ್ಕಿಂತ ದೊಡ್ಡ ಬದಲಾವಣಿ ಆಗಿಲ್ಲ. ಅಲ್ಲಿಯತನಕ ಸವಾಲು ಪುರಾಣದ್ದಿತ್ತು. ಅವತ್ತಿನಿಂದ ಮನಿಯದಾಯಿತು.

ಅದು ನನಗೆ ತಿಳಿದದ್ದು 1986ರ ಚಳಿಗಾಲದಲ್ಲಿ, ನಮ್ಮೂರಾಗೇ. ಗುರುಗಳಿಗೆ ದಮ್ಮು, ಅದಕ್ಕೆ ಮುಂದೆ ನಿಂತವ ನಾನು. ಎದುರಿಗೆ ಹೊಳಿ ಆಚೆಯ ಹೆಣ್ಣುಮಕ್ಕಳ ಮೇಳ. ನಡುರಾತ್ರಿ ದಾಟಿದ ಮೇಲೆ ಗುರುಗಳ ವಹಿಯೊಳಗಿನ ಒಂದು ಹಳೇ ಪದ ತೆಗೆದೆ. ಸೀತೆಯಿಂದ ಲಂಕೆ ಹೋಯಿತು, ದ್ರೌಪದಿಯಿಂದ ಕೌರವರು ಹೋದರು, ಹೆಣ್ಣು ಕಾಲಿಟ್ಟಲ್ಲೆಲ್ಲ ಕೇಡು ಅನ್ನುವ ಪದ. ಚಾಲ ಭಾಳ ಚಂದ, ಏರಿನಾಗ ಗಂಡಸರ ಕಡೆಯಿಂದ ಸೀಟಿ ಬಿದ್ದವು. ಆಯೇರು ಬಂತು. ನನಗೂ ಮೈ ತುಂಬಿ ಇನ್ನೂ ನಾಲ್ಕು ನುಡಿ ಎಳೆದೆ.

ಆಕಿ ಎದ್ದಳು. ಪುರಾಣದ ಜವಾಬು ಕೊಡಲೇ ಇಲ್ಲ. ದಪ್ಪನ್ನು ಮೆಲ್ಲಕ ತಟ್ಟುತ್ತ, ಮಾತಿನಂಗ ಹಾಡಿದಳು. ಲಂಕಿ ನಾನು ಕಂಡಿಲ್ಲ, ಈ ಊರು ಕಂಡೀನಿ. ಎಪ್ಪತ್ತೆರಡರ ಬರದಾಗ ಖಡಿ ಒಡೀಲಾರದ ತಾಯಿ ಒಬ್ಬಾಕಿ ಈ ಕೂತವರೊಳಗ ಇದ್ದರ ಎದ್ದು ನಿಲ್ಲಲಿ, ಆಕಿ ಕೈಯಿಂದಲೇ ನನ್ನ ಕಲ್ಗಿ ಬಿಚ್ಚಸ್ತೀನಿ. ಇಷ್ಟೇ ಅದರ ಅರ್ಥ. ಆಕಿಯ ಪದ ನಾನು ಬರೆದುಕೊಳ್ಳಲಿಲ್ಲ.

ಯಾರೂ ಏಳಲಿಲ್ಲ. ಸೀಟಿ ಹೊಡೆದ ಹುಡುಗರೂ ಸುಮ್ಮನಾದರು. ಗ್ಯಾಸಬತ್ತಿಯ ಸುಂಯ್ ಅನ್ನುವ ಸಪ್ಪಳ ಒಂದೇ. ಹೆಣ್ಣುಮಕ್ಕಳು ಕೂಡುವ ಕಡೆಯಿಂದ ಆಯೇರು ಮಾಡುವ ಪದ್ಧತಿ ಇರಲಿಲ್ಲ. ಅವತ್ತು ಒಬ್ಬಾಕಿ ಎದ್ದು, ಸೆರಗಿನ ಗಂಟು ಬಿಚ್ಚಿ, ಎಲ್ಲರ ನಡುವೆ ಹಾದು ಬಂದು ಆಕಿಯ ದಪ್ಪಿನ ಮೇಲೆ ಒಂದು ರೂಪಾಯಿ ಇಟ್ಟಳು. ಅದು ನಮ್ಮವ್ವ. ಆಮೇಲೆ ಹಿಂದಿಂದ ಹತ್ತು ಹದಿನೈದು ಮಂದಿ ಎದ್ದರು. ಹೆಸರು ಹೇಳಿ ಹಾಡುವ ರಿವಾಜು ಇತ್ತಲ್ಲ, ಆಕಿ ನಮ್ಮವ್ವನ ಹೆಸರು ಕೇಳಿದಳು. ಅವ್ವ ನನ್ನ ಕಡೆ ಕೈ ಮಾಡಿ, "ಇವನ ತಾಯಿ ಅಂತ ಹಾಡವಾ" ಎಂದಳು. ಆಕಿ ಹಾಗೇ ಹಾಡಿದಳು.

ನಾನು ತುರಾ ಬಿಚ್ಚಲಿಕ್ಕೆ ಕೈ ಹಾಕಿದೆ. ಗುರುಗಳು ಕೂತಲ್ಲಿಂದಲೇ ಬ್ಯಾಡ ಅಂದರು. ಮಂಗಳ ಹಾಡುವಾಗ ನನಗೆ ದನಿ ಹೊರಡಲಿಲ್ಲ. ಮರುದಿನ ಅವ್ವ ರೊಟ್ಟಿ ಬಡಿಯುತ್ತ, "ಛಲೋ ಹಾಡಿದಳು ನೋಡು ಆಕಿ" ಅಂದಳು. ನನ್ನ ಹಾಡಿನ ಬಗ್ಗೆ ಏನೂ ಅನ್ನಲಿಲ್ಲ. ಅಂದಿದ್ದರ ಛಲೋ ಇತ್ತು. ಆಮೇಲೂ ನಾನು ಹರದೇಶಿಯಲ್ಲೇ ಹಾಡಿದೆ, ಗುರು ಕೊಟ್ಟ ತುರಾ ಬಿಡಲಿಕ್ಕೆ ಬರುವುದಿಲ್ಲ. ಬೀಜ, ಬಿತ್ತಿಗಿ, ನೇಗಿಲು ಇವುಗಳ ಮೇಲೆ ಹಾಡಿದೆ. ಆ ಪದ ಮಾತ್ರ ಮತ್ತೆ ತೆಗೆಯಲಿಲ್ಲ.

ಮುಂದಿನದು ನಿಮಗೆಲ್ಲ ಗೊತ್ತಿದ್ದದ್ದೇ. ಕ್ಯಾಸೆಟ್ಟು ಬಂದವು, ಹೋದವು, ಮೊಬೈಲು ಬಂತು. ಈಗ ಪಟ್ಟಣದಾಗ ಸ್ಪರ್ಧೆ ಇಡುತ್ತಾರೆ. ಒಂದು ಮೇಳಕ್ಕೆ ಹತ್ತು ನಿಮಿಷ, ಮೂವರು ಪರೀಕ್ಷಕರು, ಅಂಕಿ, ಸರ್ಟಿಫಿಕೇಟು. ಒಮ್ಮೆ ನಮಗೂ ಎರಡನೇ ಬಹುಮಾನ ಬಂದಿತ್ತು. ಅದರಿಂದ ನಾಲ್ಕು ಹೊಸ ಹುಡುಗರು ದಪ್ಪು ಹಿಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತು ನಿಮಿಷದಾಗ ಸವಾಲು ಹಾಕಬಹುದು, ಜವಾಬು ಎಲ್ಲಿಂದ ತರೂದು? ಒಂದು ಮೇಳ ಇಳಿದ ಮೇಲೆ ಇನ್ನೊಂದು ಹತ್ತತದ. ಎದುರಾಬದುರು ನಿಲ್ಲೂದೇ ಇಲ್ಲ. ಕೂತವರು ಮೊಬೈಲ್ ಹಿಡಿದಿರುತ್ತಾರೆ. ಯಾವ ಪರ್ವದಾಗ ಅದ ಅಂತ ಕೇಳುವ ಮುದುಕ ಈಗ ನಾನೇ, ಕೇಳಲಿಕ್ಕೆ ಹೊತ್ತು ಕೊಡುವುದಿಲ್ಲ. ನಮ್ಮೂರ ಹುಡುಗರು ಈಗ ಹೆಚ್ಚಾಗಿ ಮರಾಠಿ ಸಾಲಿಗೆ ಹೋಗುತ್ತಾರೆ. ಅವರಿಗೆ ಚಾಲ ಕೂಡಲೆ ಹತ್ತತದ, ಹಳೇ ಪದದ ಕನ್ನಡ ತಿಳಿಯುವುದಿಲ್ಲ. ಅವರದೇನು ತಪ್ಪು.

ಗುರುಗಳ ವಹಿ ಎರಡು ಇದ್ದವು. ಒಂದು ಗೆದ್ದಲು ತಿಂದಿತು. ಇನ್ನೊಂದನ್ನು ಹೋದ ತಿಂಗಳು ವಾಚನಾಲಯಕ್ಕೆ ಕೊಟ್ಟಿದ್ದೇನೆ, ಕೆಂಪು ಬಟ್ಟೆ ಸುತ್ತಿದ್ದು. ಬರೆದುಕೊಳ್ಳುವವರು ಅಲ್ಲೇ ಕೂತು ಬರೆದುಕೊಳ್ಳಬೇಕು, ಮನೆಗೆ ಒಯ್ಯಬ್ಯಾಡ್ರಿ. ಮೊದಲಿನ ಪದಗಳು ಗುರುಗಳ ಅಕ್ಷರ, ಕೊನೆಯವು ನನ್ನವು. ನಡುವೆ ಒಂದು ಹಾಳಿ ಇಲ್ಲ. ಅದು ಗೆದ್ದಲು ತಿಂದದ್ದಲ್ಲ, 1986ರಾಗ ನಾನೇ ಹರಿದದ್ದು. ಅದರ ಚಾಲ ಬೇಕಾದವರು ಮನಿಗೆ ಬರ್ರಿ, ಬರೇ ದಪ್ಪಿನ ಮ್ಯಾಲೆ ಬಾರಿಸಿ ತೋರಸ್ತೀನಿ.