ಸ್ಟ್ರಿಂಡ್‌ಬರ್ಗ್, ಆಗಸ್ಟ್: ಪರದೇಶವಾಸ

1849-1912. ಸ್ವೀಡನ್ನಿನ ನಾಟಕಕಾರ, ಕಾದಂಬರಿಕಾರ, ಚಿತ್ರಕಾರ. ಹುಟ್ಟಿದ್ದೂ ತೀರಿಕೊಂಡಿದ್ದೂ ಸ್ಟಾಕ್‌ಹೋಮಿನಲ್ಲಿ. ಆದರೆ 1883-96ರ ನಡುವಿನ ಹೆಚ್ಚಿನ ವರ್ಷಗಳನ್ನು ಈತ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ಜರ್ಮನಿ, ಆಸ್ಟ್ರಿಯಗಳಲ್ಲಿ ಕಳೆದ. ಅಲ್ಲಿ ಚಿತ್ರಕಾರರೊಡನೆ ಬೆಳೆದ ಒಡನಾಟ ಈತನ ಬರವಣಿಗೆಯ ದಿಕ್ಕನ್ನೇ ಬದಲಿಸಿತು.

ಗ್ರೆ ಹಳ್ಳಿ: ಸ್ಟಾಕ್‌ಹೋಮಿನ ಕಲಾವಿದರನ್ನೂ ಪತ್ರಕರ್ತರನ್ನೂ ಕುರಿತ ಕೆಂಪು ಕೋಣೆ (1879) ಕಾದಂಬರಿ ಈತನಿಗೆ ಹೆಸರು ತಂದಿತು, ಅನಂತರದ ವಿಡಂಬನೆಗಳು ಹಗೆ ತಂದವು. 1883ರಲ್ಲಿ ದೇಶ ಬಿಟ್ಟು, ಫಾಂಟೆನ್‌ಬ್ಲೋ ಕಾಡಿನ ಸಮೀಪದ ಗ್ರೆ-ಸ್ಯೂರ್-ಲ್ವಾಂ ಹಳ್ಳಿ ಸೇರಿದ. ಕಾರ್ಲ್ ಲಾರ್ಸನ್, ಕಾರ್ಲ್ ನೂರ್ಡ್‌ಸ್ಟ್ರೋಮ್ ಮೊದಲಾದ ಉತ್ತರ ಯುರೋಪಿನ ಚಿತ್ರಕಾರರು ಅಲ್ಲಿ ನೆಲೆಸಿದ್ದರು. ಮರುವರ್ಷ ಕಥಾಸಂಕಲನವೊಂದರ ಮೇಲೆ ಧರ್ಮನಿಂದೆಯ ಮೊಕದ್ದಮೆ ಬಿದ್ದಾಗ ಸ್ಟಾಕ್‌ಹೋಮಿಗೆ ಬಂದು ವಿಚಾರಣೆ ಎದುರಿಸಿ ಖುಲಾಸೆಯಾದ. ಡೆನ್ಮಾರ್ಕಿನಲ್ಲಿದ್ದಾಗ ಮಿಸ್ ಜೂಲಿ (1888) ಬರೆದ.

ಬರ್ಲಿನ್: ಮೊದಲ ಮದುವೆ ಮುರಿದ ಬಳಿಕ 1892ರ ಶರತ್ಕಾಲದಲ್ಲಿ ಬರ್ಲಿನ್ನಿಗೆ ಹೋದ. ಉಂಟರ್ ಡೆನ್ ಲಿಂಡೆನ್ ರಸ್ತೆಯ ಬಳಿಯ ಒಂದು ವೈನ್ ಅಂಗಡಿ ಈತನ ಗೆಳೆಯರ ಅಡ್ಡೆಯಾಯಿತು. ಅಲ್ಲಿ ತೂಗುಹಾಕಿದ್ದ ಚರ್ಮದ ವೈನ್ ಚೀಲ ಹಂದಿಮರಿಯಂತೆ ಕಂಡದ್ದರಿಂದ ಈತ ಅಂಗಡಿಯನ್ನು ‘ಕರಿ ಹಂದಿಮರಿ’ ಎಂದು ಕರೆದ, ಹೆಸರು ಉಳಿದುಕೊಂಡಿತು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್, ಪೋಲೆಂಡಿನ ಲೇಖಕ ಪ್ಶಿಬಿಶೆವ್‌ಸ್ಕಿ, ಜರ್ಮನ್ ಕವಿ ಡೇಮೆಲ್ ಆ ಬಳಗದಲ್ಲಿದ್ದರು. ಆ ನವೆಂಬರಿನಲ್ಲಿ ಮುಂಕನ ಪ್ರದರ್ಶನವನ್ನು ಕಲಾವಿದರ ಸಂಘವೇ ಒಂದು ವಾರದಲ್ಲಿ ಮುಚ್ಚಿಸಿ ದೊಡ್ಡ ವಿವಾದಕ್ಕೆ ಕಾರಣವಾಯಿತು. ಮುಂಕ್ ಅದೇ ವರ್ಷ ಬಿಡಿಸಿದ ಈತನ ಭಾವಚಿತ್ರ ಈಗ ಸ್ಟಾಕ್‌ಹೋಮಿನ ಮೊಡೆರ್ನಾ ಮ್ಯೂಸಿಯಮ್ಮಿನಲ್ಲಿದೆ. 1893ರಲ್ಲಿ ಆಸ್ಟ್ರಿಯದ ಪತ್ರಕರ್ತೆ ಫ್ರೀಡಾ ಊಲ್‌ಳನ್ನು ಮದುವೆಯಾದ. ಆ ಸಂಸಾರವೂ ಬಹುಕಾಲ ಬಾಳಲಿಲ್ಲ.

ಪ್ಯಾರಿಸ್: 1894ರಲ್ಲಿ ಇಲ್ಲಿಗೆ ಬಂದವನು ಕಲಾಸೃಷ್ಟಿಯಲ್ಲಿ ಆಕಸ್ಮಿಕದ ಪಾತ್ರ ಕುರಿತು ಫ್ರೆಂಚಿನಲ್ಲಿ ಪ್ರಬಂಧ ಪ್ರಕಟಿಸಿದ. ಮೊದಲೇ ನಿಶ್ಚಯಿಸಿದ ವಸ್ತುವಿಗೆ ಅಂಟಿಕೊಳ್ಳದೆ, ಬಣ್ಣ ಹರಡಿದಂತೆ ಮೂಡುವ ರೂಪಗಳನ್ನು ಹಿಂಬಾಲಿಸಬೇಕೆಂಬುದು ಅದರ ವಾದ. ಈತನ ಕಡಲು, ಬಿರುಗಾಳಿಯ ಚಿತ್ರಗಳು ಈ ಬಗೆಯವು. ಮೋಂಪಾರ್ನಾಸಿನಲ್ಲಿ ಚಿತ್ರಕಾರ ಪಾಲ್ ಗೊಗ್ಯಾಂ ಸ್ನೇಹಿತನಾದ. ಗೊಗ್ಯಾಂ ತನ್ನ ಚಿತ್ರಗಳ 1895ರ ಹರಾಜಿನ ಕ್ಯಾಟಲಾಗಿಗೆ ಮುನ್ನುಡಿ ಕೇಳಿದಾಗ, ನಿಮ್ಮ ಕಲೆ ನನಗೆ ಒಗ್ಗದು ಎಂದು ಈತ ಪತ್ರ ಬರೆದ. ಗೊಗ್ಯಾಂ ಆ ಪತ್ರವನ್ನೇ ಮುನ್ನುಡಿಯ ಸ್ಥಾನದಲ್ಲಿ ಅಚ್ಚು ಹಾಕಿಸಿದ.

ಬಿಕ್ಕಟ್ಟು ಮತ್ತು ಫಲ: ಬಡತನ, ಚರ್ಮರೋಗ, ರಸವಿದ್ಯೆಯ ಗೀಳುಗಳ ನಡುವೆ 1896ರ ಹೊತ್ತಿಗೆ, ಯಾರೋ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾರೆಂಬ ಭೀತಿ ಈತನನ್ನು ಹಿಡಿಯಿತು. ಸ್ವೀಡನ್ನಿಗೆ ಮರಳಿ, ಲುಂಡ್ ನಗರದಲ್ಲಿ ಆ ದಿನಗಳನ್ನು ಕುರಿತು ಇನ್‌ಫರ್ನೊ (1897) ಎಂಬ ಕೃತಿಯನ್ನು ಫ್ರೆಂಚಿನಲ್ಲಿ ಬರೆದ. ಅನಂತರದ ದಮಾಸ್ಕಸ್‌ನತ್ತ ಮತ್ತು ಸ್ವಪ್ನನಾಟಕ ಎಂಬ ಎರಡು ನಾಟಕಗಳಲ್ಲಿ ಕಾಲ, ದೇಶಗಳ ಕಟ್ಟು ಸಡಿಲವಾಗಿ ಒಂದು ದೃಶ್ಯ ಇನ್ನೊಂದಾಗಿ ಮಾರ್ಪಡುತ್ತದೆ. ಎರಡನೆಯದರ ನಾಯಕಿ ಮನುಷ್ಯರ ಪಾಡು ನೋಡಲು ಭೂಮಿಗಿಳಿದ ಇಂದ್ರನ ಮಗಳು. ಚಿತ್ರಕಲೆಯಲ್ಲಿ ಈತ ಪ್ರತಿಪಾದಿಸಿದ ಸ್ವಾತಂತ್ರ್ಯವೇ ಹೀಗೆ ರಂಗಭೂಮಿಗೂ ಬಂದಿತು. 20ನೆಯ ಶತಮಾನದ ಆರಂಭದ ಜರ್ಮನ್ ಅಭಿವ್ಯಕ್ತಿವಾದಿ ನಾಟಕಕಾರರು ಈ ಎರಡು ಕೃತಿಗಳಿಂದ ಬಹಳ ಕಲಿತರು.