ಸಂತ ಅಲೋಶಿಯಸ್ ಚಾಪೆಲ್, ಮಂಗಳೂರು

ಮಂಗಳೂರಿನ ಬಾವುಟಗುಡ್ಡೆಯ ಮೇಲೆ, ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಆವರಣದಲ್ಲಿರುವ ಪ್ರಾರ್ಥನಾಮಂದಿರ. ಕಟ್ಟಡ 1880ರ ದಶಕದ್ದು. ಒಳಗಿನ ಚಿತ್ರಗಳನ್ನು 1899ರಿಂದ 1901ರ ನಡುವೆ ಬರೆದವರು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಗೆ ಸೇರಿದ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೆನಿ. ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲಿಗೆ ಇದನ್ನು ಹೋಲಿಸುವುದು ವಾಡಿಕೆ. ಆದರೆ ಅದು ಪೋಪರ ಮಂದಿರ. ಇದು ಓದುವ ಹುಡುಗರಿಗಾಗಿ ಕಟ್ಟಿ, ಅವರ ಕಣ್ಣಿಗೆಂದೇ ಬಣ್ಣ ತುಂಬಿದ ಮಂದಿರ. ಈ ವ್ಯತ್ಯಾಸ ತಿಳಿಯದೆ ಇಲ್ಲಿನ ಚಿತ್ರಗಳು ಅರ್ಥವಾಗುವುದಿಲ್ಲ.

ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. 1880ರಲ್ಲಿ ಸಂಸ್ಥೆ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಚಾಪೆಲೂ ಎದ್ದಿತು. ಹೊರಗಿನಿಂದ ನೋಡಿದರೆ ಸರಳ ಕಟ್ಟಡ. ಬೆರಗೆಲ್ಲ ಒಳಗಿದೆ.

ಬಾಗಿಲು ದಾಟಿ ತಲೆಯೆತ್ತಿದರೆ ಚಾವಣಿಯ ನಡುಸಾಲಿನಲ್ಲಿ ಅಲೋಶಿಯಸ್ ಗೊಂಜಾಗನ ಬಾಳು ಕಾಣುತ್ತದೆ. ಈತ 1568ರಲ್ಲಿ ಕಾಸ್ಟಿಲ್ಯೋನೆಯ ಅರಸುಮನೆಯಲ್ಲಿ ಹುಟ್ಟಿದ ಹಿರಿಯ ಮಗ. ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದ. ರೋಮಿನಲ್ಲಿ ಪ್ಲೇಗಿನ ಪಿಡುಗು ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತು, 1591ರಲ್ಲಿ ಇಪ್ಪತ್ತಮೂರರ ಹರೆಯದಲ್ಲೇ ತೀರಿಕೊಂಡ. ವಿದ್ಯಾರ್ಥಿಗಳ ಪಾಲಕ ಸಂತನೆಂದು ಪೂಜೆಗೊಳ್ಳುವುದು ಈತನೇ. ಕೆಳಗೆ ಬೆಂಚಿನಲ್ಲಿ ಕೂತ ಹುಡುಗನಿಗೆ ಮೇಲೆ ಕಾಣುವುದು ಹೆಚ್ಚುಕಡಿಮೆ ತನ್ನದೇ ಪ್ರಾಯದ ಮುಖ.

ಅಲೋಶಿಯಸ್ ರೋಗಿಗಳ ಸೇವೆ ಮಾಡುವ ಚಿತ್ರದ ಕೆಳಗೆ ತುಸು ನಿಲ್ಲಬೇಕು. ಮೊಸ್ಕೆನಿ ಅದನ್ನು ಬರೆಯುವ ಹೊತ್ತಿಗೆ ಪ್ಲೇಗು ಹಳೆಯ ಕಥೆಯಾಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪಿಡುಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತ್ತು. ಅಂದಿನ ವಿದ್ಯಾರ್ಥಿಗಳಿಗೆ ಆ ಚಿತ್ರ ರೋಮಿನದಷ್ಟೇ ಆಗಿರಲಾರದು.

ಚಾವಣಿಯ ಇಳಿಜಾರುಗಳಲ್ಲಿ ಯೇಸುವಿನ ಪ್ರೇಷಿತರಿದ್ದಾರೆ, ಅವರೊಂದಿಗೆ ಅವರು ಪ್ರಾಣ ತೆತ್ತ ಬಗೆಯ ಗುರುತುಗಳು, ಹೂಮಾಲೆ ಹಿಡಿದ ದೇವದೂತರು. ಪಕ್ಕದ ಕಮಾನುಗಳ ಮೇಲೆ ಸಂತರು. ಹಿಂಬದಿಯ ಗೋಡೆಯಲ್ಲಿ ಮಕ್ಕಳ ಗೆಳೆಯನಾಗಿ ಯೇಸು.

ಗೋಡೆಗಳದ್ದು ಹಸಿಗಾರೆಯ ಚಿತ್ರಣ, ಅಂದರೆ ಫ್ರೆಸ್ಕೊ. ಸುಣ್ಣದ ಗಾರೆ ಬಳಿದು, ಅದು ಒಣಗುವ ಮೊದಲೇ ನೀರಿನಲ್ಲಿ ಅರೆದ ಬಣ್ಣ ಹಚ್ಚಬೇಕು. ಗಾಳಿಯನ್ನು ಕುಡಿದು ಸುಣ್ಣ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ, ಬೇರೆ ಅಂಟು ಬೇಕಿಲ್ಲ. ಒಂದು ದಿನಕ್ಕೆ ಮುಗಿಸಬಲ್ಲಷ್ಟು ಜಾಗಕ್ಕೇ ಗಾರೆ ಹಾಕುವುದು. ಕೈ ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆಯಿಂದಲೇ ಆರಂಭ. ಚಾವಣಿಯವು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರಗಳು. ಇಷ್ಟನ್ನೂ ಎರಡು ವರ್ಷಗಳ ಆಸುಪಾಸಿನಲ್ಲಿ ಮುಗಿಸಿದ್ದು ಅಸಾಮಾನ್ಯ ದುಡಿಮೆ. ಕೆತ್ತನೆಯಂತೆ ಉಬ್ಬಿ ಕಾಣುವ ಅಂಚುಪಟ್ಟಿಗಳ ಹತ್ತಿರ ಹೋಗಿ ನೋಡಿದರೆ ಗೋಡೆ ಚಪ್ಪಟೆಯಾಗಿಯೇ ಇದೆ; ಉಬ್ಬು ತಗ್ಗೆಲ್ಲ ನೆರಳು ಬೆಳಕಿನ ಕುಂಚಗಾರಿಕೆ.

ಮೊಸ್ಕೆನಿ 1854ರಲ್ಲಿ ಬೆರ್ಗಾಮೊ ಬಳಿಯ ಸ್ತೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತವರು. ಜೆಸ್ವಿಟ್ ಸಭೆ ಸೇರಿದ್ದು 1889ರಲ್ಲಿ, ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಮಂಗಳೂರಿನ ನಂತರ ಕೊಚ್ಚಿಯ ಸಾಂತಾ ಕ್ರೂಜ್ ಕೆಥೆಡ್ರಲಿನಲ್ಲಿ ಚಿತ್ರ ಬರೆದರು. ಅಲ್ಲಿ ಅವರೊಂದಿಗೆ ದುಡಿದ ಶಿಷ್ಯ ಡಿ ಗಾಮ ಮಂಗಳೂರಿನವರು. ಆ ಕೆಥೆಡ್ರಲ್ ಪ್ರತಿಷ್ಠೆಯಾಗುವ ಕೆಲವೇ ದಿನ ಮೊದಲು, 1905ರ ನವೆಂಬರಿನಲ್ಲಿ ಮೊಸ್ಕೆನಿ ಕೊಚ್ಚಿಯಲ್ಲೇ ತೀರಿಕೊಂಡರು.

ಕರಾವಳಿಯ ಮಳೆಗಾಲ ಇಂಥ ಚಿತ್ರಗಳ ಹಗೆ. ತೇವ, ಉಪ್ಪುಗಾಳಿ ಎರಡನ್ನೂ ತೊಂಬತ್ತು ವರ್ಷ ಉಂಡ ಚಿತ್ರಗಳನ್ನು 1991–94ರಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಶುಚಿಗೊಳಿಸಿ ಸಂರಕ್ಷಿಸಿದರು. ಚಾಪೆಲಿನಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತದೆ.